ಕೆರೆ ದಂಡೆಗೆ ವಾಕಿಂಗ್ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಶುರುವಿನವರೆಗೆ ನಮ್ಮ ಫ್ಲೋರಿಡಾದಲ್ಲಿ ಆಲಿಗೇಟರ್ (ಮೊಸಳೆಯಂಥ ಪ್ರಾಣಿ) ಮರಿಗಳು ಮೊಟ್ಟೆಯಿಂದ ಹೊರಬರುವ ಕಾಲ. ಊರಿಂದ ಬಂದಿರುವ ಅಪ್ಪ-ಅಮ್ಮಂದಿರಿಗೂ ದಯವಿಟ್ಟು ಇದನ್ನು ಓದಿ ಹೇಳಿ.

ದಂಡೆಯಲ್ಲಿ ಹುಲ್ಲು, ಕೆಸರು ಸೇರಿದ ಗುಡ್ಡೆ ಕಂಡರೆ ಅದು ಗೂಡು ಇರಬಹುದು. ಒಳಗೆ ಸುಮಾರು 35 ಮೊಟ್ಟೆ ಇರುತ್ತವೆ. ತಾಯಿ ಕೋಳಿಯ ಹಾಗೆ ಕಾವಿಗೆ ಕೂರುವುದಿಲ್ಲ, ಸೊಪ್ಪು ಕೊಳೆತಾಗ ಹುಟ್ಟುವ ಬಿಸಿಯೇ ಸಾಕು. ಗೂಡು 33 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಹೆಚ್ಚಾಗಿ ಗಂಡು ಮರಿ, 30ಕ್ಕಿಂತ ಕೆಳಗಿದ್ದರೆ ಹೆಣ್ಣು. ಎಂಥ ಸೋಜಿಗ ಅಲ್ವಾ! ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ಆ ಸದ್ದು ಕೇಳಿ ತಾಯಿ ಗೂಡು ಕೆದಕುತ್ತಾಳೆ. ಗೇಣುದ್ದದ, ಹಳದಿ ಪಟ್ಟೆಯ ಮರಿಗಳನ್ನು ಬಾಯಲ್ಲಿ ಮೆಲ್ಲಗೆ ಹಿಡಿದು ನೀರಿಗೆ ಒಯ್ಯುತ್ತಾಳೆ. ಅಷ್ಟು ಗಟ್ಟಿ ದವಡೆ, ಒಂದು ಗೀರೂ ಬೀಳುವುದಿಲ್ಲ. ಆಮೇಲೂ ವರ್ಷದ ಮೇಲೆ ಕಾಯುತ್ತಾಳೆ.

ಅದಕ್ಕೇ ಹೇಳುತ್ತಿರುವುದು: ಮರಿ ಕಂಡರೆ ಫೋಟೋಗೆ ಅಂತ ಹತ್ತಿರ ಹೋಗಬೇಡಿ. ತಾಯಿ ಅಲ್ಲೇ ಎಲ್ಲೋ ಇರುತ್ತಾಳೆ. ಬುಸುಗುಟ್ಟಿದರೆ ತಕ್ಷಣ ಹಿಂದೆ ಸರಿಯಿರಿ. ಕತ್ತಲಾದ ಮೇಲೆ ನೀರಿಗೆ ಇಳಿಯಬೇಡಿ, ನಾಯಿಯನ್ನು ದಂಡೆಯಿಂದ ದೂರ ಹಿಡಿದುಕೊಳ್ಳಿ.

ಬ್ರೆಡ್ಡು, ಚಪಾತಿ ಚೂರು ಖಂಡಿತ ಹಾಕಬೇಡಿ. ಅದು ಇಲ್ಲಿ ಕಾನೂನಿಗೆ ವಿರುದ್ಧ. ತಿನ್ನಿಸಿದರೆ ಅದಕ್ಕೆ ಜನರ ಭಯ ಹೋಗುತ್ತದೆ. ಆಮೇಲೆ ಹಿಡಿಯುವವರು ಬರುತ್ತಾರೆ, 4 ಅಡಿಗಿಂತ ದೊಡ್ಡದಾದರೆ ಸಾಮಾನ್ಯವಾಗಿ ಕೊಂದೇಬಿಡುತ್ತಾರೆ. ನಮ್ಮ ಒಂದು ಚೂರು ಚಪಾತಿಗೆ ಅದರ ಜೀವ ಹೋಗಬಾರದು.

ಮನೆ ಹತ್ತಿರ ತೊಂದರೆ ಅನ್ನಿಸಿದರೆ ರಾಜ್ಯದ ಆಲಿಗೇಟರ್ ಸಹಾಯವಾಣಿ: 866-392-4286.