ಬೆಂಬಲ ಗುಂಪಿನಲ್ಲಿ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಇಲ್ಲದಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ರೋಗಿಗಳ ಸೇವಾ ವಿಭಾಗ

ಮಾನ್ಯರೇ,

ನಿಮ್ಮ ಆಸ್ಪತ್ರೆಯಲ್ಲಿ ನನಗೆ ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಆಯಿತು, ಕೀಮೋನೂ ಮುಗಿಯಿತು. ಚಿಕಿತ್ಸೆಯ ಬಗ್ಗೆ ದೂರಿಲ್ಲ. ಡಾಕ್ಟರು ಎಲ್ಲವನ್ನೂ ಬರೆದು ತೋರಿಸುತ್ತಿದ್ದರು. ದೂರು ಇರುವುದು ಕ್ಯಾನ್ಸರ್ ಆದವರು ಒಟ್ಟಿಗೆ ಕೂತು ಕಷ್ಟಸುಖ ಮಾತಾಡಲಿ ಅಂತ ನೀವು ತಿಂಗಳಿಗೊಮ್ಮೆ ನಡೆಸುವ ಬೆಂಬಲ ಗುಂಪಿನ ಮೇಲೆ.

ನಾನು ಹುಟ್ಟಿನಿಂದ ಕಿವುಡಿ. ನಾನು ಮಾತಾಡುವುದು ಸನ್ನೆ ಭಾಷೆಯಲ್ಲಿ. ಗುಂಪಿಗೆ ಸೇರುವ ಫಾರಂನಲ್ಲೇ ಇದನ್ನು ಬರೆದು ಇಂಟರ್‌ಪ್ರಿಟರ್, ಅಂದರೆ ಮಾತನ್ನು ಸನ್ನೆಗೂ ಸನ್ನೆಯನ್ನು ಮಾತಿಗೂ ತಿರುಗಿಸಿ ಹೇಳುವವರು, ಬೇಕು ಅಂತ ಕೇಳಿದ್ದೆ. "ತುಟಿ ನೋಡಿದರೆ ಗೊತ್ತಾಗುತ್ತಲ್ವಾ?" ಅಂತ ಉತ್ತರ ಬಂತು. ಕೀಮೋ ನಡೆಯುತ್ತಿರುವವರು ಸೋಂಕಿನ ಭಯಕ್ಕೆ ಮಾಸ್ಕ್ ಹಾಕಿಕೊಂಡೇ ಕೂರುತ್ತಾರೆ. ಅವರ ತುಟಿ ಎಲ್ಲಿ ಹುಡುಕಲಿ? ಮಾಸ್ಕ್ ಇಲ್ಲದಿದ್ದರೂ ಅಷ್ಟೇ. ಪ, ಬ, ಮ ಮೂರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ. 'ಪಾಪ' ಅಂದರೋ 'ಮಾಮ' ಅಂದರೋ, ದೇವರಿಗೇ ಗೊತ್ತು.

ಆಮೇಲೆ "ಮನೆಯವರನ್ನು ಕರೆತನ್ನಿ" ಅಂದಿರಿ. ಅಕ್ಕ ಬಂದಳು. ಎದುರಿಗೆ ಕೂತ ಒಬ್ಬರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ಬಹಳ ಹೊತ್ತು ಮಾತಾಡಿದರು. ಅಕ್ಕ ನನಗೆ ತಿಳಿಸಿದ್ದು ಇಷ್ಟೇ: ಗಂಡನ ವಿಷಯ, ಮನೆಗೆ ಹೋಗಿ ಹೇಳ್ತೀನಿ. ಎಲ್ಲರೂ ನಕ್ಕಾಗ ನಾನೂ ಸುಮ್ನೆ ನಕ್ಕೆ. ಅಕ್ಕನನ್ನು ಬೈದು ಪ್ರಯೋಜನವಿಲ್ಲ, ಅವಳಿಗೆ ಬರುವುದು ಊಟ, ಮಾತ್ರೆ, ಬಸ್ಸು ಇಂಥ ಮನೆಬಳಕೆಯ ಸನ್ನೆಗಳು. ಇನ್ನೊಂದು ಮಾತು. ಸ್ತನ ತೆಗೆದ ಮೇಲೆ ಗಂಡನ ಎದುರು ಬಟ್ಟೆ ಬದಲಿಸಲು ನನಗೆ ಸಂಕೋಚ. ನಿಮಗೂ ಹೀಗೇ ಆಯಿತಾ ಅಂತ ಆ ಹೆಂಗಸರನ್ನು ಕೇಳಬೇಕಿತ್ತು. ಅದನ್ನು ಅಕ್ಕನ ಬಾಯಲ್ಲಿ ಕೇಳಿಸಲಾ?

ವಾಟ್ಸಾಪ್ ಗುಂಪಿನಲ್ಲೂ ಬರೀ ವಾಯ್ಸ್ ಮೆಸೇಜ್. ಟೈಪ್ ಮಾಡಿ ಅಂದರೆ ಒಂದು ಹೂವಿನ ಚಿತ್ರ ಬರುತ್ತದೆ.

ಕೊನೆಗೆ ನಿಮ್ಮ ಸಂಯೋಜಕರು ಕಿವಿ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು. ಕಿವಿಗೆ ಮದ್ದು ಕೊಡಿ ಅಂತ ನಾನು ಯಾರನ್ನೂ ಕೇಳಿಲ್ಲ. ನನ್ನ ಶಾಲೆ, ಗೆಳತಿಯರು, ಗಂಡ ಎಲ್ಲರೂ ಸಿಕ್ಕಿದ್ದು ಕಿವುಡರ ನಡುವೆಯೇ. ನನಗಿದ್ದ ರೋಗ ಕ್ಯಾನ್ಸರ್. ಅದರ ಬಿಲ್ ಪೂರ್ತಿ ಕಟ್ಟಿದ್ದೇನೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 25ನೇ ಸೆಕ್ಷನ್ ಓದಿ. ಖಾಸಗಿ ಆಸ್ಪತ್ರೆಯ ಎಲ್ಲ ಭಾಗಗಳಲ್ಲೂ ಅಡೆತಡೆ ಇರಬಾರದು ಅನ್ನುತ್ತದೆ. ಸಂವಹನದ ತೊಡಕೂ ಅಡೆತಡೆಯೇ ಅಂತ ಅದೇ ಕಾಯ್ದೆಯಲ್ಲಿದೆ. ವೀಲ್‌ಚೇರ್‌ಗೆ ರ‍್ಯಾಂಪ್ ಮಾಡಿದ್ದೀರಿ, ಸಂತೋಷ. ನಮಗೇನು ಮಾಡಿದ್ದೀರಿ?

"ಒಬ್ಬರಿಗೋಸ್ಕರ ಅಷ್ಟು ಖರ್ಚಾ?" ಅಂತಲೂ ನಿಮ್ಮವರು ಕೇಳಿದ್ದಾರೆ. ಇಂಟರ್‌ಪ್ರಿಟರ್ ಇಲ್ಲದ ಕಡೆ ಎರಡನೆಯವರು ಯಾಕೆ ಬರುತ್ತಾರೆ? ಅಲ್ಲದೆ ಇಂಟರ್‌ಪ್ರಿಟರ್ ಬಂದು ಕೂರಲೇಬೇಕು ಅಂತಿಲ್ಲ. ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ 2023ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಹಾಜರಾದದ್ದು ವಿಡಿಯೋದಲ್ಲಿ, ಇಂಟರ್‌ಪ್ರಿಟರ್ ಜೊತೆ. ಸುಪ್ರೀಂ ಕೋರ್ಟಿಗೆ ಆಗಿದ್ದು ನಿಮ್ಮ ಮೂರನೇ ಮಹಡಿಯ ಹಾಲ್‌ಗೆ ಆಗಲ್ವಾ?

ಮುಂದಿನ ಸಭೆಗೆ ತರಬೇತಿ ಪಡೆದ ಇಂಟರ್‌ಪ್ರಿಟರ್ ಇರಲಿ. ಹೆಂಗಸರಾದರೆ ಒಳ್ಳೆಯದು. ಕುರ್ಚಿಗಳನ್ನು ಸುತ್ತ ಹಾಕಿಸಿ, ಸ್ಲೈಡ್ ತೋರಿಸುವಾಗ ದೀಪ ಪೂರ್ತಿ ಆರಿಸಬೇಡಿ, ಕತ್ತಲಲ್ಲಿ ಕೈ ಕಾಣುವುದಿಲ್ಲ. ವಾಟ್ಸಾಪ್‌ನಲ್ಲಿ ಬರೆದು ಕಳಿಸಲು ಎಲ್ಲರಿಗೂ ಹೇಳಿ.

ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡುತ್ತೇನೆ. ಹೋದ ಸಲದ ದೂರಿಗೆ "ನಮ್ಮ ಸಿಬ್ಬಂದಿ ನಿಮಗೆ ಕರೆ ಮಾಡುತ್ತಾರೆ" ಅಂತ ಮೆಸೇಜ್ ಬಂದಿತ್ತು. ಈ ಸಲ ದಯವಿಟ್ಟು ಬರೆದು ಕಳಿಸಿ.

ಇಂತಿ,
ನಿಮ್ಮ ಆಸ್ಪತ್ರೆಯ ಹೊರರೋಗಿ