ತಾರಸಿಯ ಸೊಪ್ಪಿಗೂ ಮೂರು ಕೋಳಿಗೂ ಒಂದು ನಿಯಮ ಬೇಕು

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ನನಗೊಂದು ನೋಟಿಸ್ ಕೊಟ್ಟರು. ತಾರಸಿಯಲ್ಲಿರುವ ಕುಂಡಗಳನ್ನೂ ಕೋಳಿಗಳನ್ನೂ ಹದಿನೈದು ದಿನದೊಳಗೆ ತೆಗೆಯಬೇಕಂತೆ. ಕುಂಡಗಳು 14. ದಂಟು, ಬಸಳೆ, ಮೆಂತ್ಯ, ಬದನೆ, ಒಂದು ಡ್ರಮ್ಮಿನಲ್ಲಿ ನುಗ್ಗೆ. ಕೋಳಿಗಳು ಮೂರು, ಮೂರೂ ಹೇಂಟೆ. ಹುಂಜ ಇಲ್ಲ, ಹಾಗಾಗಿ ನಸುಕಿನಲ್ಲಿ ಕೂಗಿ ಎಬ್ಬಿಸುವ ಮಾತೇ ಇಲ್ಲ. ಮೊಟ್ಟೆ ಇಡೋಕೆ ಹುಂಜ ಬೇಕಿಲ್ಲ ಅನ್ನೋದು ಸಂಘದ ಕೆಲವರಿಗೆ ಗೊತ್ತೇ ಇರಲಿಲ್ಲ.

ನಾನು ಮಾಗಡಿ ಕಡೆಯ ಹಳ್ಳಿಯಲ್ಲಿ ಅಂಗನವಾಡಿ ನಡೆಸಿ ನಿವೃತ್ತಿಯಾದವಳು. ಬಸುರಿ, ಬಾಣಂತಿಯರಿಗೆ ಸೊಪ್ಪು ತಿನ್ನಿ, ಮೊಟ್ಟೆ ತಿನ್ನಿ ಅಂತ ಮನೆಮನೆಗೆ ಹೋಗಿ ಹೇಳುವುದೇ ನನ್ನ ಕೆಲಸವಾಗಿತ್ತು. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಅವರ ತಟ್ಟೆಗೆ ನಾನೇ ಮೊಟ್ಟೆ ಬಡಿಸಿದ್ದೇನೆ. ಆಮೇಲೆ ಪೋಷಣ್ ಅಭಿಯಾನದಲ್ಲಿ ಕೈತೋಟ ಮಾಡಿ ಎಂದರು. ನುಗ್ಗೆ ಕಡ್ಡಿ ನೆಟ್ಟು, ಮಕ್ಕಳು ಕೈ ತೊಳೆದ ನೀರನ್ನೇ ಬಿಟ್ಟು ಬೆಳೆಸಿದೆವು. ಈಗ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೇನೆ. ಇಲ್ಲೂ ಅದನ್ನೇ ಮಾಡಿದೆ. ಮೊಮ್ಮಗಳಿಗೆ ದಿನಕ್ಕೊಂದು ಮೊಟ್ಟೆ, ವಾರಕ್ಕೆರಡು ಸಲ ದಂಟಿನ ಸೊಪ್ಪಿನ ಬಸ್ಸಾರು. ಅಲ್ಲಿ ಸರ್ಕಾರ ಹೇಳಿ ಮಾಡಿಸಿದ ಕೆಲಸ ಇಲ್ಲಿ ತಪ್ಪು ಹೇಗಾಯಿತು?

ಸಂಘದವರ ಮಾತಿನಲ್ಲೂ ನಿಜವಿದೆ. ತಾರಸಿ ಎಲ್ಲರದು. ಮೇಲಿನ ಮಹಡಿಯವರಿಗೆ ಸೂರು ಸೋರುವ ಭಯ. ಅದಕ್ಕೇ ಕುಂಡಗಳನ್ನು ಕಬ್ಬಿಣದ ಸ್ಟ್ಯಾಂಡಿಗೆ ಏರಿಸಿದ್ದೇನೆ. ಮಣ್ಣಿನ ಭಾರ ಬೇಡವೆಂದು ತೆಂಗಿನ ನಾರಿನ ಪುಡಿ ಜಾಸ್ತಿ ಹಾಕಿದ್ದೇನೆ. ಕೋಳಿ ಹಿಕ್ಕೆಯನ್ನು ದಿನವೂ ಗುಡಿಸಿ ಒಣಗಿದ ಎಲೆಯ ಜೊತೆ ಗೊಬ್ಬರದ ಡಬ್ಬಕ್ಕೆ ಹಾಕುತ್ತಿದ್ದೆ. ವಾಸನೆ ಬಂದರೆ ಬಂದು ಹೇಳಿ ಎಂದೆ. ಯಾರೂ ಬರಲಿಲ್ಲ, ನೋಟಿಸ್ ಬಂತು.

ನಾಯಿ ಸಾಕುವವರಿಗೆ ತೋರಿಸಲು ಒಂದು ಕಾಗದವಾದರೂ ಇದೆ. ಬಹುಮತ ಇದ್ದರೂ ನಿವಾಸಿಗಳ ಸಂಘ ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೇಳಿದೆ. ಸೊಪ್ಪು ಬೆಳೆಯುವವಳ ಕೈಯಲ್ಲಿ ಅಂಥದ್ದೇನಿದೆ? ಅಮೆರಿಕದ ಮಿಯಾಮಿ ಶೋರ್ಸ್ ಎಂಬ ಊರಿನ ಕತೆಯನ್ನು ಮಗ ಹೇಳಿದ. ಅಲ್ಲೊಬ್ಬ ದಂಪತಿ 17 ವರ್ಷ ಮನೆ ಮುಂದೆ ತರಕಾರಿ ಬೆಳೆದಿದ್ದರು. 2013ರಲ್ಲಿ ಊರಿನ ಆಡಳಿತ ದಿನಕ್ಕೆ 50 ಡಾಲರ್ ದಂಡ ಎಂದು ಹೆದರಿಸಿ ಕೀಳಿಸಿತು. ಕೋರ್ಟಿನಲ್ಲೂ ಅವರು ಸೋತರು. ಆದರೆ 2019ರಲ್ಲಿ ಫ್ಲಾರಿಡಾ ರಾಜ್ಯವೇ ಕಾನೂನು ಮಾಡಿ, ಮನೆಯ ತರಕಾರಿ ತೋಟವನ್ನು ಸ್ಥಳೀಯ ಆಡಳಿತಗಳು ತಡೆಯುವಂತಿಲ್ಲ ಎಂದಿತು.

ಬೆಂಗಳೂರಿಗೆ ಈಗ ಐದು ಪಾಲಿಕೆಗಳು ಬಂದಿವೆ. ಹೊಸ ನಿಯಮ ಬರೆಯುವಾಗ ಇದನ್ನೂ ಬರೆಯಲಿ. ಒಂದು ಮನೆಗೆ ನಾಲ್ಕೈದು ಹೇಂಟೆ, ಹುಂಜ ಬೇಡ, ಗೂಡು ಇಷ್ಟು ದೊಡ್ಡದಿರಲಿ, ತಾರಸಿ ಸೋರದಂತೆ ನೋಡಿಕೊಳ್ಳುವುದು ಬೆಳೆಯುವವರ ಹೊಣೆ. ಕೋಳಿಗಳ ಲೆಕ್ಕವನ್ನು ಪಶುಪಾಲನಾ ಇಲಾಖೆಗೆ ಕೊಡುವಂತಿರಲಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿಗೆ ಹಕ್ಕಿಜ್ವರ ಬಂತಲ್ಲ, ಜನರ ಹೆದರಿಕೆ ಸುಮ್ನೆ ಅಲ್ಲ. ಯಾರ ಮನೆಯಲ್ಲಿ ಎಷ್ಟು ಕೋಳಿ ಇದೆ ಅಂತ ಗೊತ್ತಿದ್ದರೆ ಇಲಾಖೆಗೂ ಒಳ್ಳೆಯದೇ ಅಲ್ವಾ? ಮನೆಯಲ್ಲಿ ಸಾಕಲೆಂದೇ ಗಿರಿರಾಜ ತಳಿ ಕೊಟ್ಟದ್ದು ಇದೇ ಊರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು. ಇಲ್ಲಿ ತಿಳಿದವರಿಗೇನೂ ಕೊರತೆಯಿಲ್ಲ.

ಕೋಳಿಗಳನ್ನು ಸದ್ಯಕ್ಕೆ ಮಾಗಡಿಯಲ್ಲಿ ತಂಗಿಯ ಮನೆಗೆ ಬಿಟ್ಟುಬಂದಿದ್ದೇನೆ. ಮೊಮ್ಮಗಳು ದಿನಾ ಸಂಜೆ ಅವುಗಳನ್ನು ಕೇಳುತ್ತಾಳೆ. ಕುಂಡಗಳನ್ನು ತೆಗೆದಿಲ್ಲ. ಸಂಘದ ಮುಂದಿನ ಸಭೆಗೆ ಈ ಪತ್ರದ ಪ್ರತಿಯನ್ನೂ ಒಯ್ಯುತ್ತೇನೆ.

— ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ಬೆಂಗಳೂರು