ಜಿಲ್ಲಾ ಪಂಚಾಯ್ತಿ ಚುನಾವಣೆ ಯಾವಾಗ ಸರ್? ನಮ್ಮ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಮೊನ್ನೆ ಮನೆ ಬಿಲ್ ವಿಚಾರ ಕೇಳೋಣ ಅಂತ ತಾಲ್ಲೂಕು ಪಂಚಾಯ್ತಿ ಆಫೀಸಿಗೆ ಹೋಗಿದ್ದೆ. ಒಳಗೆ ಹೋಗ್ತಿದ್ದಂಗೆ ಗೋಡೆ ಮೇಲೆ ಸದಸ್ಯರ ಹೆಸರಿನ ಬೋರ್ಡಿದೆ, ನೀವೂ ನೋಡಿರ್ತೀರಿ. 2016ರಲ್ಲಿ ಗೆದ್ದವರ ಹೆಸರು ಅದು. ನಮ್ಮ ಕಡೆಯಿಂದ ಗೆದ್ದಿದ್ದವರು ತೀರ್ಕೊಂಡು ಎರಡು ವರ್ಷ ಆಯ್ತು, ಹೆಸರು ಮಾತ್ರ ಹಂಗೇ ಇದೆ, ಅಳಿಸಿ ಬರೆಯೋಕೆ ಹೊಸ ಹೆಸರು ಬಂದ್ರೆ ತಾನೇ.

ಆ ಸದಸ್ಯರ ಅವಧಿ ಮುಗಿದಿದ್ದು 2021ರಲ್ಲಿ. ನಾನಿದನ್ನ ಬರೀತಿರೋದು 2025ರಲ್ಲಿ. ಜಿಲ್ಲಾ ಪಂಚಾಯ್ತಿಗೂ ಚುನಾವಣೆ ಇಲ್ಲ, ತಾಲ್ಲೂಕು ಪಂಚಾಯ್ತಿಗೂ ಇಲ್ಲ, ಎಲ್ಲಾ ಆಡಳಿತಾಧಿಕಾರಿಗಳ ಕೈಲಿ ನಡೀತಿದೆ. ಸಂವಿಧಾನದ 243ಇ ವಿಧಿ ಓದಿ ಸರ್, ಅವಧಿ ಐದೇ ವರ್ಷ, ಅದು ಮುಗಿಯೋದ್ರೊಳಗೆ ಚುನಾವಣೆ ಮುಗಿದಿರಬೇಕು ಅಂತ ಸ್ಪಷ್ಟವಾಗಿದೆ.

ಈ ಮಾತು ಸಂವಿಧಾನಕ್ಕೆ ಸುಮ್ನೆ ಬಂದಿದ್ದಲ್ಲ. ಮೊದಲ ಕರಡಲ್ಲಿ ಗ್ರಾಮ ಪಂಚಾಯ್ತಿ ಸುದ್ದಿನೇ ಇರಲಿಲ್ಲ, 1948ರ ನವೆಂಬರಲ್ಲಿ ಸಂವಿಧಾನ ಸಭೆಲಿ ಕೆ. ಸಂತಾನಂ ಅವರು ತಂದ ತಿದ್ದುಪಡಿಯಿಂದ ಅದು ಸೇರ್ತು, ಈಗಿನ 40ನೇ ವಿಧಿ. ಆದ್ರೆ ಅದು ನಿರ್ದೇಶಕ ತತ್ವ, ಸರ್ಕಾರ ಮಾಡ್ಲಿಲ್ಲ ಅಂದ್ರೆ ಕೋರ್ಟಿಗೆ ಹೋಗಿ ಕೇಳೋ ಹಂಗಿಲ್ಲ. ಹಂಗಾಗಿ ಎಷ್ಟೋ ರಾಜ್ಯಗಳು ವರ್ಷಗಟ್ಟಲೆ ಚುನಾವಣೆನೇ ಮಾಡ್ಲಿಲ್ಲ.

ಆಗ ದಾರಿ ತೋರಿಸಿದವರಲ್ಲಿ ನಮ್ಮ ರಾಜ್ಯನೂ ಮುಂದಿತ್ತು ಸರ್. ರಾಮಕೃಷ್ಣ ಹೆಗಡೆ ಸರ್ಕಾರ, ಅಬ್ದುಲ್ ನಜೀರ್ ಸಾಬ್ರು ಗ್ರಾಮೀಣಾಭಿವೃದ್ಧಿ ಮಂತ್ರಿ, ಊರೂರಿಗೆ ಬೋರ್‌ವೆಲ್ ಹಾಕ್ಸಿ ನೀರ್ ಸಾಬ್ ಅಂತಾನೇ ಹೆಸರಾದವರು. 1983ರ ಪಂಚಾಯ್ತಿ ಕಾಯ್ದೆ, 1987ರಲ್ಲಿ ಚುನಾವಣೆ, ಹೆಣ್ಣುಮಕ್ಕಳಿಗೆ ಶೇಕಡ 25 ಸೀಟು. ನಮ್ಮ ದೊಡ್ಡಮ್ಮ ಆಗ ಮಂಡಲ ಪಂಚಾಯ್ತಿಗೆ, ಅಂದ್ರೆ ಕೆಲವು ಹಳ್ಳಿ ಸೇರಿದ ಆಗಿನ ಪಂಚಾಯ್ತಿಗೆ, ಗೆದ್ದಿದ್ರು, ಹೆಬ್ಬೆಟ್ಟು ಒತ್ತೋದು ಬೇಡ ಅಂತ ನಮ್ಮಣ್ಣನ ಸ್ಲೇಟಲ್ಲೇ ತಿದ್ದಿ ತಿದ್ದಿ ಸಹಿ ಕಲ್ತು ಸಭೆಗೆ ಹೋದವರು, ಶಾಲೆ ಮುಂದಿನ ಹಳ್ಳಕ್ಕೆ ಮೋರಿ ಹಾಕ್ಸಿದ್ದು ಅವರೇ, ಇವತ್ತಿಗೂ ಮಕ್ಕಳು ಅದರ ಮೇಲೇ ಓಡಾಡೋದು. ಆದ್ರೆ ಜಿಲ್ಲಾ ಪಂಚಾಯ್ತಿಗೆ ಆಗ ಜಿಲ್ಲಾ ಪರಿಷತ್ತು ಅಂತಿದ್ರು, ಅವುಗಳ ಅವಧಿ 1992ರಲ್ಲಿ ಮುಗೀತು, ಮತ್ತೆ ಜಿಲ್ಲಾ ಮಟ್ಟಕ್ಕೆ ಚುನಾವಣೆ ಆಗಿದ್ದು 1995ರಲ್ಲಿ. ರಾಜ್ಯದ ಕಾಯ್ದೆ ಒಂದೇ ಇದ್ರೆ ಸಾಕಾಗಲ್ಲ, ಸಂವಿಧಾನದಲ್ಲೇ ಬರೀಬೇಕು ಅನ್ನೋದಕ್ಕೆ ನಮ್ಮ ರಾಜ್ಯಕ್ಕಿಂತ ಸಾಕ್ಷಿ ಬೇಕಾ?

ಅದೂ ಸಲೀಸಾಗಿ ಆಗ್ಲಿಲ್ಲ. 1989ರಲ್ಲಿ ರಾಜೀವ್ ಗಾಂಧಿ ಪಂಚಾಯ್ತಿಗಳಿಗಾಗಿ ತಂದ ಸಂವಿಧಾನದ 64ನೇ ತಿದ್ದುಪಡಿ ಮಸೂದೆ ಲೋಕಸಭೆಲಿ ಪಾಸಾಯ್ತು, ರಾಜ್ಯಗಳನ್ನ ಬದಿಗೆ ಸರಿಸಿ ಕೇಂದ್ರ ನೇರ ಹಳ್ಳಿಗೆ ಕೈ ಹಾಕ್ತಿದೆ ಅಂತ ವಿರೋಧ ಎದ್ದು ರಾಜ್ಯಸಭೆಲಿ ಬಿದ್ದೋಯ್ತು. ಕೊನೆಗೆ ನರಸಿಂಹರಾವ್ ಕಾಲದಲ್ಲಿ, 1992ರ ಡಿಸೆಂಬರಲ್ಲಿ ಎರಡೂ ಸದನದಲ್ಲಿ 73ನೇ ತಿದ್ದುಪಡಿ ಪಾಸಾಗಿ, ಅರ್ಧಕ್ಕಿಂತ ಜಾಸ್ತಿ ರಾಜ್ಯಗಳ ವಿಧಾನಸಭೆಗಳು ಒಪ್ಪಿ, 1993ರ ಏಪ್ರಿಲ್ 24ಕ್ಕೆ ಜಾರಿಗೆ ಬಂತು. ಇಷ್ಟೆಲ್ಲಾ ದಾಟಿ ಬಂದಿದ್ದರ ತಿರುಳೇ ಆ ಐದು ವರ್ಷದ ಮಾತು ಸರ್. ಕ್ಷೇತ್ರ ವಿಂಗಡಣೆ ಆಗ್ಬೇಕು, ಮೀಸಲಾತಿ ಪಟ್ಟಿ ಆಗ್ಬೇಕು ಅಂತ ಸರ್ಕಾರಗಳು ಹೇಳ್ತಾನೇ ಬಂದ್ವು. 2021ರಲ್ಲಿದ್ದ ಪಕ್ಷ ಬೇರೆ, ಈಗಿರೋದು ಬೇರೆ, ನಾನು ಯಾರ ಪರವೂ ಮಾತಾಡ್ತಿಲ್ಲ. ಅವಧಿ ಮುಗಿಯೋ ದಿನ ಮೊದಲೇ ಗೊತ್ತಿರುತ್ತಲ್ವಾ, ಪಟ್ಟಿ ಮೊದಲೇ ಮಾಡ್ಕೋಬೇಕಿತ್ತು.

ನಿಮ್ಮ ಚುನಾವಣೆ ಐದು ವರ್ಷಕ್ಕೆ ಸರಿಯಾಗಿ ಬರುತ್ತೆ, ಒಂದು ದಿನ ಆಚೆ ಹೋದ್ರೂ ನೀವು ಸುಮ್ನಿರಲ್ಲ. ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ, ಜಿಲ್ಲಾ ತಾಲ್ಲೂಕು ಪಂಚಾಯ್ತಿ ಚುನಾವಣೆ ಯಾವ ತಾರೀಖು ಅಂತ. ಶೀಘ್ರದಲ್ಲೇ ಅಂತ ಉತ್ತರ ಬಂದ್ರೆ ಕೂತ್ಕೋಬೇಡಿ, ತಾರೀಖೇ ಕೇಳಿ. ಸಿಕ್ಕಿದ ಉತ್ತರ ನಮ್ಮೂರಿಗೆ ಬಂದು ಹೇಳಿ ಸರ್, ದೊಡ್ಡಮ್ಮನಿಗೆ ಈಗ 80 ದಾಟಿದೆ, ಪೇಪರ್ ಬಂದ ತಕ್ಷಣ ಅವರು ಹುಡುಕೋದೇ ಆ ಸುದ್ದಿನ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ